ಎಲ್ಲಿ ನಿಂತಿತು ಅಂತ ನೋಡಿ

ಸಿಳ್ಳೆ ಹಾಕುವ ಮೋಡೆಮ್, ಟೆಲಿಫೋನ್ ತಂತಿಯ ಮೇಲೆ ತೆವಳುವ ಫೈಲು, ಅರ್ಧ ದಾರಿಯಲ್ಲಿ ಕೈಕೊಡುವ ಸಾಫ್ಟ್‌ವೇರ್. ನಲವತ್ತು ವರ್ಷ ಹಿಂದಿನ ಮನೆ ಕಂಪ್ಯೂಟರ್‌ಗಳ ಈ ತಕರಾರು ಬಿಡಿಸುವ ವಿದ್ಯೆ ಇವತ್ತು ಯಾರಿಗೆ ಬೇಕು? ಅಟ್ಟದ ಮೇಲೆ ಹಳೆಯ ಫ್ಲಾಪಿಗಳಿರುವ ಎಲ್ಲರಿಗೂ ಬೇಕು!

1984ರ ಫೆಬ್ರವರಿಯ ಒಂದು ರಾತ್ರಿ. ಅಮೆರಿಕದ ಯಾವುದೋ ಊರಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹೊರಗೆ ಹಿಮ. ಒಳಗೆ ಟಿ.ವಿ. ಮುಂದೆ ನೆಲದ ಮೇಲೆ ಕೂತ ಹುಡುಗ. ಟಿ.ವಿ.ಗೆ ಕಮೊಡೋರ್ 64 ಜೋಡಿಸಿದೆ. ಅದರ ಬೆನ್ನಿಗೆ ವಿಕ್‌ಮೋಡೆಮ್ ಎಂಬ ಪುಟ್ಟ ಡಬ್ಬಿ ಸಿಕ್ಕಿಸಿದೆ.

ಈ ಡಬ್ಬಿಗೆ ತಾನಾಗಿ ಡಯಲ್ ಮಾಡಲು ಬರುವುದಿಲ್ಲ. ಹುಡುಗನೇ ಫೋನ್ ಎತ್ತಿ ನಂಬರ್ ಹಚ್ಚುತ್ತಾನೆ. ಆ ಕಡೆಯಿಂದ ಏರಿಳಿತವಿಲ್ಲದ ಸಿಳ್ಳೆ ಕೇಳುತ್ತದೆ. 2225 ಹರ್ಟ್ಸ್‌ನ ಒಂದೇ ಸ್ವರ. ಅದು ಕಿವಿಗೆ ಬಿದ್ದದ್ದೇ ತಡ, ರಿಸೀವರಿನ ಸುರುಳಿ ವೈರನ್ನು ಕಿತ್ತು ಮೋಡೆಮ್‌ಗೆ ಚುಚ್ಚಬೇಕು. ಕೈ ತಡವಾದರೆ ಆ ಕಡೆಯ ಯಂತ್ರ ಫೋನ್ ಇಟ್ಟುಬಿಡುತ್ತದೆ.

ಹುಡುಗ ಗೆದ್ದ. ಪರದೆಯಲ್ಲಿ ಅಕ್ಷರಗಳು ಒಂದೊಂದಾಗಿ ಮೂಡಿದವು. ಒಂದು ಆಟವನ್ನು ಇಳಿಸಿಕೊಳ್ಳಲು ಶುರು ಮಾಡಿದ. 16 ಕಿಲೋಬೈಟ್, ಅಂದರೆ 128 ಬ್ಲಾಕು. ಒಂದೊಂದಕ್ಕೂ ನಾಲ್ಕೂವರೆ ಸೆಕೆಂಡು. 95. 96. 97.

ಅಡುಗೆಮನೆಯಲ್ಲಿ ಅಮ್ಮ ತಂಗಿಯ ಜತೆ ಮಾತಾಡೋಣವೆಂದು ಇನ್ನೊಂದು ಫೋನ್ ಎತ್ತಿದಳು.

98 ಬರಲಿಲ್ಲ. ಸಾಫ್ಟ್‌ವೇರ್ ಹತ್ತು ಸಲ ಕೇಳಿ ನೋಡಿತು, ಆಮೇಲೆ ಕೈಚೆಲ್ಲಿತು. ಬಂದ 97 ಬ್ಲಾಕುಗಳನ್ನು ಉಳಿಸಿಕೊಂಡು ಮುಂದುವರಿಸುವ ದಾರಿ ಆ ಸಾಫ್ಟ್‌ವೇರಿನಲ್ಲಿ ಇರಲಿಲ್ಲ. ಮತ್ತೆ ಒಂದರಿಂದ.

ಅಂಥ ರಾತ್ರಿಗಳನ್ನು ಆ ಕಾಲದ ಲಕ್ಷಾಂತರ ಮನೆಗಳು ಕಂಡಿವೆ. ಅಲ್ಲಿ ಕುಳಿತವರು ಕಲಿತದ್ದು ಒಂದು ದೊಡ್ಡ ವಿದ್ಯೆ: ಯಂತ್ರ ಕೆಟ್ಟಿತು ಎಂದು ಕೂಗಾಡುವ ಮೊದಲು, ಅದು ಎಲ್ಲಿ ನಿಂತಿತು ಎಂದು ನೋಡುವುದು.

ಹಿಮ ಕಟ್ಟಿಹಾಕಿದ ಇಬ್ಬರು

ಪ್ರತಿ ವರ್ಷ ಫೆಬ್ರವರಿ 16 ಬಂದಾಗ ಹಳೆಯ ಕಂಪ್ಯೂಟರ್ ಪ್ರಿಯರು ಷಿಕಾಗೊ ನಗರವನ್ನು ನೆನೆಯುತ್ತಾರೆ. 1978ರ ಆ ದಿನ ಅಲ್ಲಿ ಸಿಬಿಬಿಎಸ್ ಶುರುವಾಯಿತು. ಫೋನ್ ಮಾಡಿ ಸಂದೇಶ ಅಂಟಿಸಿ ಹೋಗಬಹುದಾದ ಮೊದಲ ಗಣಕ ಸೂಚನಾ ಫಲಕ ಅದು. ಊರ ಅರಳಿಕಟ್ಟೆಯನ್ನು ಟೆಲಿಫೋನ್ ತಂತಿಯ ತುದಿಗೆ ತಂದು ಕೂರಿಸಿದ ಹಾಗೆ.

ಅದನ್ನು ಕಟ್ಟಿದವರು ವಾರ್ಡ್ ಕ್ರಿಸ್ಟೆನ್ಸೆನ್ ಮತ್ತು ರ‍್ಯಾಂಡಿ ಸ್ಯೂಸ್. ವಾರ್ಡ್ ಐಬಿಎಂ ಉದ್ಯೋಗಿ. ಇಬ್ಬರಿಗೂ ಪರಿಚಯವಾದದ್ದು ಷಿಕಾಗೊದ ಕಂಪ್ಯೂಟರ್ ಹವ್ಯಾಸಿಗಳ ಸಂಘದಲ್ಲಿ. 1978ರ ಜನವರಿಯಲ್ಲಿ ನಗರವನ್ನೇ ಮುಚ್ಚಿಹಾಕುವಷ್ಟು ಹಿಮ ಸುರಿಯಿತು. ಮನೆಯಿಂದ ಹೊರಬೀಳಲಾಗದ ವಾರ್ಡ್ ಗೆಳೆಯನಿಗೆ ಫೋನ್ ಮಾಡಿದ. ಸಾಫ್ಟ್‌ವೇರ್ ನನ್ನದು, ಯಂತ್ರ ನಿನ್ನದು ಎಂದು ಇಬ್ಬರೂ ಕೆಲಸ ಹಂಚಿಕೊಂಡರು. ಎರಡೇ ವಾರದಲ್ಲಿ ಮುಗಿಯಿತು. ಎರಡು ವಾರ ಎಂದರೆ ಯಾರೂ ನಂಬುವುದಿಲ್ಲವೆಂದು ಒಂದು ತಿಂಗಳು ಎಂದು ಹೇಳಿದರು. ಅದೇ ವರ್ಷದ ನವೆಂಬರಿನ ‘ಬೈಟ್’ ಪತ್ರಿಕೆಯಲ್ಲಿ ಇಬ್ಬರೂ ಅದರ ಬಗ್ಗೆ ಲೇಖನ ಬರೆದರು. ಓದಿದವರು ಊರೂರಲ್ಲಿ ಇಂಥ ಫಲಕಗಳನ್ನು ಎಬ್ಬಿಸಿದರು.

ಆದರೆ ನನ್ನ ಮಟ್ಟಿಗೆ ವಾರ್ಡ್‌ನ ದೊಡ್ಡ ಕೆಲಸ ಅದಕ್ಕೂ ಹಿಂದಿನ ವರ್ಷದ್ದು. 1977ರಲ್ಲಿ ಆತ ಎರಡು ಕಂಪ್ಯೂಟರ್‌ಗಳು ಫೋನ್ ಮೂಲಕ ಫೈಲ್ ದಾಟಿಸಿಕೊಳ್ಳಲು ಒಂದು ಪುಟ್ಟ ಪ್ರೋಗ್ರಾಂ ಬರೆದ. ಅದರ ನಿಯಮಗಳಿಗೆ ಮುಂದೆ ಎಕ್ಸ್‌ಮೋಡೆಮ್ ಎಂಬ ಹೆಸರು ನಿಂತಿತು. ಅದನ್ನು ಮಾರದೆ ಎಲ್ಲರಿಗೂ ಬಿಟ್ಟುಕೊಟ್ಟ. ಆ ಉದಾರತೆಯಿಂದಲೇ ಆ್ಯಪಲ್, ಅಟಾರಿ, ಕಮೊಡೋರ್, ಐಬಿಎಂ ಪಿಸಿ ಎನ್ನದೆ ಒಂದಕ್ಕೊಂದು ಸೇರದ ಯಂತ್ರಗಳೆಲ್ಲ ಫೈಲ್ ಹಂಚಿಕೊಂಡವು.

ರ‍್ಯಾಂಡಿ 2019ರ ಡಿಸೆಂಬರಿನಲ್ಲಿ ತೀರಿಕೊಂಡ. ವಾರ್ಡ್ 2024ರ ಅಕ್ಟೋಬರ್ 11ರಂದು, 78ರ ವಯಸ್ಸಿನಲ್ಲಿ. ಅವನ 132 ಬೈಟುಗಳ ಬ್ಲಾಕು ಇನ್ನೂ ಕೆಲಸ ಮಾಡುತ್ತಿದೆ.

[ಚೌಕಟ್ಟು] ಒಂದು ಬ್ಲಾಕಿನ ಹೊಟ್ಟೆಯೊಳಗೆ

ಎಕ್ಸ್‌ಮೋಡೆಮ್‌ನ ಒಂದು ಬ್ಲಾಕು 132 ಬೈಟ್. ಮೊದಲ ಬೈಟ್ ‘ಶುರು’ ಎನ್ನುವ ಸಂಕೇತ, ಅದರ ಬೆಲೆ 1. ಎರಡನೆಯದು ಬ್ಲಾಕಿನ ಸಂಖ್ಯೆ. ಮೂರನೆಯದು 255ರಿಂದ ಆ ಸಂಖ್ಯೆ ಕಳೆದು ಉಳಿದದ್ದು. ಐದನೇ ಬ್ಲಾಕಾದರೆ 5 ಮತ್ತು 250. ಆಮೇಲೆ 128 ಬೈಟ್ ಮಾಹಿತಿ. ಕೊನೆಗೆ ಚೆಕ್‌ಸಮ್: ಆ 128 ಬೈಟುಗಳನ್ನು ಕೂಡಿ, 256ರಿಂದ ಭಾಗಿಸಿದಾಗ ಉಳಿಯುವ ಶೇಷ.

ತೆಗೆದುಕೊಳ್ಳುವವನು ತಾನೂ ಕೂಡಿ ನೋಡುತ್ತಾನೆ. ತಾಳೆಯಾದರೆ ‘ಆ್ಯಕ್’ ಎಂದು 6 ಕಳಿಸುತ್ತಾನೆ: ಕೇಳಿಸಿತು, ಮುಂದೆ ಹೇಳು. ಆಗದಿದ್ದರೆ ‘ನ್ಯಾಕ್’ ಎಂದು 21: ಇನ್ನೊಮ್ಮೆ ಹೇಳು. ಎಲ್ಲ ಮುಗಿದಾಗ ಕಳಿಸುವವನಿಂದ 4.

128 ಎಂಬ ಲೆಕ್ಕ ಬಂದದ್ದು ಆಗಿನ ಸಿಪಿ/ಎಂ ಕಾರ್ಯವ್ಯವಸ್ಥೆಯಿಂದ. ಅದರ ಡಿಸ್ಕಿನ ಒಂದು ತುಂಡು 128 ಬೈಟ್.

ಒಂದನೇ ಬ್ಲಾಕೇ ದಾಟದಿದ್ದರೆ

ಟ್ರಂಕ್ ಕಾಲ್ ಮಾಡಿದವರಿಗೆ ಈ ನಿಯಮವನ್ನು ಯಾರೂ ವಿವರಿಸಬೇಕಿಲ್ಲ. ‘ಹಲೋ, ಕೇಳಿಸ್ತಾ ಇದೆಯಾ?’ ‘ಹ್ಞಾಂ, ಹೇಳು.’ ‘ಏನಂದೆ? ಇನ್ನೊಂದ್ಸಲ ಹೇಳು.’ ಎಕ್ಸ್‌ಮೋಡೆಮ್ ಆಡುವುದು ಇದನ್ನೇ. ಇಷ್ಟು ಸರಳವಾದ ಮಾತುಕತೆ ಮುರಿದಾಗ, ಮುರಿದ ಜಾಗವೇ ಕಾರಣವನ್ನು ಹೇಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಜನರನ್ನು ಕಾಡಿದ ತಕರಾರು ಇದು. ಪರದೆಯಲ್ಲಿ ಇಂಗ್ಲಿಷ್ ಅಕ್ಷರಗಳು ಚೆನ್ನಾಗಿಯೇ ಬರುತ್ತವೆ. ಮೆನು ಕಾಣುತ್ತದೆ, ಸಂದೇಶ ಓದಬಹುದು. ಫೈಲ್ ಇಳಿಸಲು ಹೊರಟರೆ ಮಾತ್ರ ಒಂದನೇ ಬ್ಲಾಕಿನಲ್ಲೇ ಹತ್ತು ಸಲ ತಪ್ಪಾಗಿ ನಿಲ್ಲುತ್ತದೆ.

ಕಾರಣ, ಎಂಟನೇ ಬಿಟ್. ಆಗಿನ ದೊಡ್ಡ ಸೇವೆಗಳಲ್ಲಿ ಕಂಪ್ಯುಸರ್ವ್‌ನಂಥವು ಅಕ್ಷರಕ್ಕೆ ಏಳು ಬಿಟ್ ಬಳಸಿ, ಎಂಟನೆಯದನ್ನು ತಪ್ಪು ಹಿಡಿಯುವ ಪ್ಯಾರಿಟಿಗೆ ಮೀಸಲಿಟ್ಟಿದ್ದವು. ಇಂಗ್ಲಿಷ್ ಅಕ್ಷರಗಳಿಗೆ ಏಳು ಬಿಟ್ ಸಾಕು. ಎಕ್ಸ್‌ಮೋಡೆಮ್‌ಗೆ ಪೂರ್ತಿ ಎಂಟು ಬೇಕು. ಒಂದನೇ ಬ್ಲಾಕಿನ ತಲೆಯಲ್ಲಿರುವುದು 1 ಮತ್ತು 254. ಎಂಟನೇ ಬಿಟ್ ಉದುರಿದರೆ 254ರಲ್ಲಿ 128 ಕಳೆದು 126 ಆಗುತ್ತದೆ. ಎರಡನ್ನೂ ಕೂಡಿದರೆ 255 ಬರಬೇಕಾದಲ್ಲಿ 127 ಬರುತ್ತದೆ. ತೆಗೆದುಕೊಳ್ಳುವವನು ಒಪ್ಪುವುದಿಲ್ಲ. ಎಷ್ಟು ಸಲ ಕಳಿಸಿದರೂ ಅಷ್ಟೇ. ಸೆಟ್ಟಿಂಗ್‌ನಲ್ಲಿ ‘ಎಂಟು ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್’ ಎಂದು ಬದಲಿಸಿದರೆ ಹತ್ತು ಸೆಕೆಂಡಿನಲ್ಲಿ ಸರಿಹೋಗುವ ಕೆಲಸ. ಗೊತ್ತಿಲ್ಲದವರು ರಾತ್ರಿಯಿಡೀ ಕೇಬಲ್ ಬದಲಿಸಿದ್ದಾರೆ.

ಈ ಎಂಟನೇ ಬಿಟ್ ಕನ್ನಡಿಗರಿಗೆ ಬಹಳ ಹತ್ತಿರದ ವಿಷಯ. ಯೂನಿಕೋಡ್‌ಗೆ ಮೊದಲು ಭಾರತದ ಲಿಪಿಗಳಿಗೆ ಇಸ್ಕಿ ಎಂಬ ಸಂಕೇತ ಪದ್ಧತಿ ಇತ್ತು. 1991ರಲ್ಲಿ ಅದು ಭಾರತೀಯ ಮಾನಕವಾಯಿತು. ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಹಾಕಿದ ಪಿಸಿಗಳಲ್ಲಿ ಕನ್ನಡ ಮೂಡುತ್ತಿದ್ದದ್ದು ಹೀಗೆ. ಕೆಳಗಿನ 128 ಸ್ಥಾನ ಇಂಗ್ಲಿಷಿಗೆ, ನಮ್ಮ ಅಕ್ಷರಗಳಿಗೆ ಅದರ ಮೇಲಿನವು. ಅಂದರೆ ಕನ್ನಡದ ಪ್ರತಿ ಅಕ್ಷರವೂ ಎಂಟನೇ ಬಿಟ್ ಮೇಲೆಯೇ ನಿಂತಿತ್ತು.

‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಇಸ್ಕಿಯಲ್ಲಿ ಅದು ಐದು ಬೈಟ್: ಕ 179, ನ 198, ಹಲಂತ 232, ಮತ್ತೆ ನ 198, ಡ 191. ಏಳು ಬಿಟ್‌ನ ಲೈನಿನಲ್ಲಿ ಇದನ್ನು ಹಾಯಿಸಿದರೆ ಒಂದೊಂದರಿಂದಲೂ 128 ಉದುರುತ್ತದೆ. ಆ ಕಡೆ ಬಂದು ಬೀಳುವುದು ಮೂರರ ಅಂಕಿ, ಎಫ್, ಎಚ್, ಎಫ್, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ. ಕಚೇರಿಯ ಹಳೆಯ ಫೈಲ್ ತೆರೆದಾಗ ಹೀಗೆ ಅಂಕಿ, ಇಂಗ್ಲಿಷ್ ಅಕ್ಷರ ಕಲಸಿದಂತೆ ಕಂಡರೆ, ಬಿಸಾಡುವ ಮೊದಲು 128 ಕೂಡಿಸಿ ನೋಡಬೇಕು. ಒಳಗೆ ಕನ್ನಡ ಸಿಕ್ಕರೂ ಸಿಗಬಹುದು. ಆದರೆ ನಡುವೆ ನಿಜವಾದ ಇಂಗ್ಲಿಷ್ ಇದ್ದರೆ ಯಾವುದಕ್ಕೆ ಕೂಡಿಸಬೇಕು, ಯಾವುದಕ್ಕೆ ಬಿಡಬೇಕು ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಮನುಷ್ಯನೇ ಕೂತು ಬಿಡಿಸಬೇಕು.

ಇಂಥ ಲೈನುಗಳಿಗೆಂದೇ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1981ರಲ್ಲಿ ಫ್ರ್ಯಾಂಕ್ ಡ ಕ್ರೂಜ್ ಮತ್ತು ಬಿಲ್ ಕ್ಯಾಚಿಂಗ್ಸ್ ಕರ್ಮಿಟ್ ರೂಪಿಸಿದರು. ಮಕ್ಕಳ ಮೆಚ್ಚಿನ ಮಪೆಟ್ ಬೊಂಬೆಗಳ ಕಪ್ಪೆಯ ಹೆಸರು ಅದು. ಕರ್ಮಿಟ್ ಎಲ್ಲವನ್ನೂ ಕೀಲಿಮಣೆಯಲ್ಲಿ ಒತ್ತಬಹುದಾದ ಮಾಮೂಲಿ ಅಕ್ಷರಗಳಾಗಿ ಬದಲಿಸಿ ಕಳಿಸುತ್ತದೆ. ಎಂಟನೇ ಬಿಟ್ ಇರುವ ಬೈಟಿನ ಮುಂದೆ ಆಂಪರ್‌ಸ್ಯಾಂಡ್ ಚಿಹ್ನೆ ಇಡುತ್ತದೆ. ನಮ್ಮ ‘ಕ’ ಅದರ ಕೈಯಲ್ಲಿ ‘& ಮತ್ತು 3’ ಆಗಿ ಹೊರಟು, ಆ ದಡದಲ್ಲಿ ಮತ್ತೆ ‘ಕ’ ಆಗುತ್ತದೆ. ವೇಗ ಕಡಿಮೆ. ಆದರೆ ಎಂಥ ಹದಗೆಟ್ಟ ದಾರಿಯಲ್ಲೂ ಸರಕು ಮುಟ್ಟಿಸುವ ಎತ್ತಿನ ಗಾಡಿ ಅದು. ಯಾವ ಸಾಫ್ಟ್‌ವೇರೂ ಒಗ್ಗದಿದ್ದರೆ ಕೊನೆಗೆ ಕರ್ಮಿಟ್ ಹಾಕಿ ನೋಡಿ ಎಂಬುದು ಹಳಬರ ಮಾತು. ನಾನಾದರೆ ಮೊದಲೇ ಅದನ್ನು ಹಾಕುತ್ತೇನೆ.

ಸಿಕ್ಕಸಿಕ್ಕಲ್ಲಿ ನಿಂತರೆ

ಒಮ್ಮೆ 12ರಲ್ಲಿ, ಇನ್ನೊಮ್ಮೆ 61ರಲ್ಲಿ, ಮತ್ತೊಮ್ಮೆ 40ರಲ್ಲಿ. ಹೀಗೆ ಜಾಗ ಬದಲಾಗುತ್ತಿದ್ದರೆ ಫೈಲಿನಲ್ಲಿ ದೋಷವಿಲ್ಲ. ಲೈನನ್ನೋ, ಕಿವಿಗೊಡಬೇಕಾದ ಯಂತ್ರವನ್ನೋ ಅನುಮಾನಿಸಬೇಕು.

ಲೈನಿನ ಕತೆ ಸುಲಭ. ಮನೆಯ ಇನ್ನೊಂದು ಫೋನ್, ತುಕ್ಕು ಹಿಡಿದ ಜೋಡಣೆ, ಮಳೆಯಲ್ಲಿ ತೊಯ್ದ ತಂತಿ. ಅಮೆರಿಕದಲ್ಲಿ ‘ಇನ್ನೊಬ್ಬರು ಕರೆಯುತ್ತಿದ್ದಾರೆ’ ಎಂದು ನಡುವೆ ಬೀಪ್ ಮಾಡುವ ಸೌಲಭ್ಯ ಬಂದಾಗ ಮೋಡೆಮ್‌ಗಳು ಆ ಬೀಪಿಗೇ ಸಂಪರ್ಕ ಕಡಿದುಕೊಳ್ಳುತ್ತಿದ್ದವು. ಡಯಲ್ ಮಾಡುವ ಮುನ್ನ ನಕ್ಷತ್ರ ಚಿಹ್ನೆ, 7, 0 ಒತ್ತಿ ಅದನ್ನು ನಿಲ್ಲಿಸುವುದನ್ನು ಜನ ಕಲಿತರು.

ಯಂತ್ರದ ಕತೆ ಸೂಕ್ಷ್ಮ. ಕಮೊಡೋರ್ 64ರಲ್ಲಿ ಸರಣಿ ಸಂಪರ್ಕಕ್ಕೆಂದು ಬೇರೆ ಚಿಪ್ಪೇ ಇಲ್ಲ. ಒಂದೊಂದು ಬಿಟ್ ಬರುವ ಗಳಿಗೆಯನ್ನು ಮುಖ್ಯ ಪ್ರೊಸೆಸರೇ ಎಣಿಸಿಕೊಂಡು ಹಿಡಿಯಬೇಕು. 300 ಬಿಟ್ ವೇಗದಲ್ಲಿ ಅದು ನಿರಾಳ. 1200ಕ್ಕೆ ಏದುಸಿರು. ಅದೇ ಪ್ರೊಸೆಸರ್ ಡಿಸ್ಕ್ ಡ್ರೈವ್ ಜತೆ ಮಾತಿಗೆ ತಿರುಗಿದರೆ ಮೋಡೆಮ್ ಕಡೆಯ ಕಿವಿ ಮುಚ್ಚುತ್ತದೆ. ಆ ಹೊತ್ತಿಗೆ ಬಂದ ಅಕ್ಷರ ಹೋದಂತೆಯೇ. ಆದ್ದರಿಂದ ಒಳ್ಳೆಯ ಸಾಫ್ಟ್‌ವೇರ್ ಬರೆದವರು ಮೊದಲು ಡಿಸ್ಕಿಗೆ ಬರೆದು ಮುಗಿಸಿ, ಆಮೇಲೆ ‘ಕೇಳಿಸಿತು’ ಎಂದು ಹೇಳಿಸಿದರು. ಉತ್ತರ ಬರುವ ತನಕ ಆ ಕಡೆಯವನು ಬಾಯಿ ತೆರೆಯುವುದಿಲ್ಲವಲ್ಲ. ಎಕ್ಸ್‌ಮೋಡೆಮ್ ನಿಧಾನ ಎಂದು ಬೈದವರೇ ಹೆಚ್ಚು. ಆ ನಿಧಾನವೇ ಇಂಥ ಯಂತ್ರಗಳ ಮಾನ ಕಾಯ್ದದ್ದು.

ಪಿಸಿಗಳಲ್ಲೂ ಇದೇ ಗೋಳು ಬೇರೆ ವೇಷದಲ್ಲಿ ಬಂತು. ಮೊದಲ ಪಿಸಿಗಳ 8250 ಚಿಪ್ ಬಂದ ಅಕ್ಷರಗಳಲ್ಲಿ ಒಂದನ್ನಷ್ಟೇ ಇಟ್ಟುಕೊಳ್ಳುತ್ತಿತ್ತು. ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಮುಂದಿನದು ಬಂದರೆ ಹಳೆಯದು ಅಳಿಸಿಹೋಯಿತು. ಹೊಸ 16550ಎ ಚಿಪ್ಪಿನಲ್ಲಿ 16 ಅಕ್ಷರ ಸಾಲು ನಿಲ್ಲಬಹುದಿತ್ತು. ಎರಡರ ಕಾಲುಗಳೂ ಒಂದೇ ತೆರ. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದರೆ, ಸಿಕ್ಕಸಿಕ್ಕಲ್ಲಿ ನಿಲ್ಲುತ್ತಿದ್ದ ಫೈಲು ಸರಾಗ ಹರಿಯುತ್ತಿತ್ತು.

ಏನೂ ಬರುವುದೇ ಇಲ್ಲ ಎಂಬವರಿಗೆ ಒಂದು ಸುಲಭ ಪರೀಕ್ಷೆ ಇದೆ. 25 ಕಾಲಿನ ಆರ್‌ಎಸ್-232 ಕನೆಕ್ಟರಿನಲ್ಲಿ ಎರಡನೆಯದು ಮಾತಾಡುವ ಕಾಲು, ಮೂರನೆಯದು ಕೇಳುವ ಕಾಲು. ಪಿಸಿಯ ಆ ಎರಡು ಕಾಲುಗಳನ್ನು ಸಣ್ಣ ತಂತಿಯಿಂದ ಸೇರಿಸಿ, ಕೀಲಿಮಣೆ ಒತ್ತಿ. ಒತ್ತಿದ ಅಕ್ಷರ ಪರದೆಗೆ ಮರಳಿದರೆ ಕಂಪ್ಯೂಟರೂ ಸಾಫ್ಟ್‌ವೇರೂ ಗಟ್ಟಿ. ದೋಷ ಕೇಬಲ್ಲಿನಿಂದ ಆಚೆ ಇದೆ. ಒಂದೊತ್ತಿದರೆ ಎರಡು ಮೂಡಿದರೆ ಗಾಬರಿ ಬೇಡ, ಲೋಕಲ್ ಎಕೋ ಆನ್ ಆಗಿದೆ, ಅಷ್ಟೇ. ಎರಡು ಕಂಪ್ಯೂಟರ್‌ಗಳನ್ನು ನೇರ ಜೋಡಿಸುವಾಗ ಇದರ ಮಾತು ಅದರ ಕಿವಿಗೆ ಹೋಗುವಂತೆ 2 ಮತ್ತು 3ನ್ನು ಅದಲುಬದಲು ಮಾಡಿದ ‘ನಲ್ ಮೋಡೆಮ್’ ಕೇಬಲ್ ಬೇಕು. ಮಾಮೂಲಿ ಕೇಬಲ್ ಹಾಕಿದರೆ ಇಬ್ಬರೂ ಬಾಯಿಗೆ ಬಾಯಿ ಇಟ್ಟು ಕೂಗಿದಂತೆ.

ಒಂದು ಎಚ್ಚರಿಕೆ. ಕಮೊಡೋರ್ 64ರ ಹಿಂಬದಿಯ ಯೂಸರ್ ಪೋರ್ಟ್ 5 ವೋಲ್ಟಿನದು. ಆರ್‌ಎಸ್-232 ಲೈನಿನಲ್ಲಿ 12 ವೋಲ್ಟ್ ಇರಬಹುದು, ಅದೂ ಮೈನಸ್ ಕಡೆಗೂ. ನಡುವೆ ವೋಲ್ಟೇಜ್ ಬದಲಿಸುವ ಅಡಾಪ್ಟರ್ ಇಲ್ಲದೆ ಚುಚ್ಚಿದರೆ ನಲವತ್ತು ವರ್ಷ ಬದುಕಿದ ಯಂತ್ರ ಒಂದೇ ಕ್ಷಣದಲ್ಲಿ ಸಾಯುತ್ತದೆ.

ಪ್ರತಿ ಸಲ 255ರಲ್ಲೇ

ಇನ್ನು ನಾನೇ ಕೂತು ಕಂಡದ್ದು.

ಬೆಂಗಳೂರಿನಲ್ಲಿ ಗೆಳೆಯನೊಬ್ಬನ ಮನೆಯಲ್ಲಿ ಕಮೊಡೋರ್ 64 ಇದೆ. ಅವನ ತಂದೆ ಹಿಂದೆ ವಿದೇಶದಿಂದ ತಂದದ್ದು. ಈಗ ಅದಕ್ಕೆ ಸಿಳ್ಳೆ ಹಾಕುವ ಮೋಡೆಮ್ ಬೇಕಿಲ್ಲ. ಬೆರಳುದ್ದದ ಇಎಸ್‌ಪಿ8266 ಚಿಪ್ ಇರುವ ‘ವೈಫೈ ಮೋಡೆಮ್’ಗಳು ಬಂದಿವೆ. ಕಂಪ್ಯೂಟರ್ ಹಿಂದಿನಂತೆಯೇ ‘ಡಯಲ್ ಮಾಡು’ ಎಂಬ ಆದೇಶ ಕೊಡುತ್ತದೆ. ಫೋನ್ ನಂಬರಿನ ಬದಲು ಇಂಟರ್ನೆಟ್ ವಿಳಾಸ ಕೊಟ್ಟರಾಯಿತು. ಇಂದಿಗೂ ನಡೆಯುತ್ತಿರುವ ಬಿಬಿಎಸ್ ಎಂಬ ಗಣಕ ಸೂಚನಾ ಫಲಕಗಳಿಗೆ ಮನೆಯ ವೈಫೈ ಮೂಲಕವೇ ದಾರಿ ಸಿಗುತ್ತದೆ.

ಒಂದು ಭಾನುವಾರ ಅಂಥ ಕಡೆಯಿಂದ ಸುಮಾರು 45 ಕಿಲೋಬೈಟಿನ ಬರೀ ಇಂಗ್ಲಿಷ್ ಪಠ್ಯದ ಫೈಲೊಂದನ್ನು ಇಳಿಸಲು ಕೂತೆವು. 254 ಬ್ಲಾಕು ಬಂತು. 255ರಲ್ಲಿ ನಿಂತಿತು. ಮತ್ತೆ ಶುರು. ಮತ್ತೆ 255. ವೇಗ ಇಳಿಸಿದೆವು, ಕೇಬಲ್ ಒತ್ತಿ ಕೂರಿಸಿದೆವು, ರೌಟರಿನ ಪಕ್ಕಕ್ಕೆ ಮೇಜನ್ನೇ ಎಳೆದೆವು. ಮೂರನೇ ಸಲವೂ 255.

ಗೆಳೆಯನ ಮಗಳು ಎಂಜಿನಿಯರಿಂಗ್ ಓದುತ್ತಾಳೆ. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಕೇಳಿದಳು: ‘ಅಂಕಲ್, ಒಂದು ಬೈಟಲ್ಲಿ ಹಿಡಿಸೋದು 255ರ ತನಕ ತಾನೆ? 255ನೇ ಬ್ಲಾಕಿನ ನಂಬರೂ ಅದೇ ಅಲ್ವಾ?’

‘ಹೌದು ಕಣಮ್ಮ. ಅದಾದ ಮೇಲೆ ತಿರುಗಿ ಸೊನ್ನೆಯಿಂದ ಶುರು.’

‘ಹಾಗಾದ್ರೆ ಆ 255 ಅನ್ನೋ ಬೈಟ್ ಇದಕ್ಕೆ ಮೊದಲು ಎಲ್ಲಾದ್ರೂ ಬಂದಿತ್ತಾ?’

ಅವಳು ಕೇಳಿದ ಕ್ಷಣವೇ ಗಂಟು ಬಿಚ್ಚಿತು. ಆ ತನಕ ಬ್ಲಾಕಿನ ತಲೆಯಲ್ಲಿ 255 ಎಂಬ ಬೈಟ್ ಒಮ್ಮೆಯೂ ಬಂದಿರಲಿಲ್ಲ. ಪಠ್ಯದಲ್ಲೂ ಇರುವುದಿಲ್ಲ, ಇಂಗ್ಲಿಷ್ ಅಕ್ಷರಗಳೆಲ್ಲ 128ರ ಕೆಳಗೆ. ಚೆಕ್‌ಸಮ್ ಎಲ್ಲಾದರೂ 255 ಆಗಿದ್ದರೆ ಇನ್ನೂ ಮೊದಲೇ ನಿಲ್ಲುತ್ತಿತ್ತು. ನಮ್ಮ ಫೈಲಿನಲ್ಲಿ ಹಾಗಾಗಿರಲಿಲ್ಲ.

ಇಂಟರ್ನೆಟ್ಟಿನ ಟೆಲ್‌ನೆಟ್ ನಿಯಮದಲ್ಲಿ 255 ಎಂದರೆ ‘ಮುಂದೆ ಬರುವುದು ಆದೇಶ’ ಎಂದರ್ಥ. ನಿಜವಾದ 255 ಕಳಿಸಬೇಕಿದ್ದರೆ ಎರಡು ಸಲ ಕಳಿಸಬೇಕು. ಆ ಕಡೆಯ ಯಂತ್ರ ಒಂದೇ ಕಳಿಸುತ್ತಿತ್ತು. ನಮ್ಮ ವೈಫೈ ಮೋಡೆಮ್ ಅದನ್ನು ಆದೇಶವೆಂದು ತಿಳಿದು ನುಂಗುತ್ತಿತ್ತು. ಹತ್ತು ಸಲ ಕಳಿಸಿದರೂ ಹತ್ತು ಸಲವೂ ನುಂಗುತ್ತಿತ್ತು. ಮೋಡೆಮ್‌ನ ಟೆಲ್‌ನೆಟ್ ಸೆಟ್ಟಿಂಗ್ ಆಫ್ ಮಾಡಿದೆವು. ನಾಲ್ಕನೇ ಸಲ 255 ದಾಟಿ ಕೊನೆಯ ಬ್ಲಾಕಿನವರೆಗೂ ಬಂತು.

ಫೈಲು ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ಲೈನನ್ನು ಬೈಯಬೇಡಿ. ಅಲ್ಲಿರುವ ಯಾವುದೋ ಬೈಟನ್ನು ದಾರಿಯಲ್ಲಿರುವ ಯಾರೋ ಆದೇಶವೆಂದು ತಿಳಿಯುತ್ತಿದ್ದಾರೆ. 1980ರ ದಶಕದಲ್ಲಿ ಆ ಬೈಟ್ ಸಾಮಾನ್ಯವಾಗಿ 19 ಆಗಿರುತ್ತಿತ್ತು. ‘ತಡಿ’ ಎನ್ನುವ ಸಂಕೇತ ಅದು, ‘ಮುಂದುವರಿ’ ಎನ್ನಲು 17. ಪ್ರೋಗ್ರಾಂ ಫೈಲಿನ ಒಳಗೆ ಎಲ್ಲೋ ಒಂದು 19 ಬಂದರೆ, ಈ ಸಂಕೇತ ಆನ್ ಆಗಿದ್ದ ಯಂತ್ರ ತಡೆದು ನಿಂತು 17ಕ್ಕಾಗಿ ಕಾಯುತ್ತಲೇ ಇರುತ್ತಿತ್ತು.

ಹೇಯ್ಸ್ ಕಂಪನಿಯ ಮೋಡೆಮ್‌ಗಳಲ್ಲಿ ‘+++’ ಎಂದರೆ ‘ನನ್ನ ಮಾತು ಕೇಳು’ ಎಂದು. ಫೈಲಿನೊಳಗಿನ ‘+++’ಗೆ ಮೋಸಹೋಗದಿರಲು ಅದರ ಹಿಂದೆ ಮುಂದೆ ಒಂದು ಸೆಕೆಂಡ್ ಮೌನ ಇರಬೇಕೆಂದು ಹೇಯ್ಸ್‌ನ ಡೇಲ್ ಹೆದರಿಂಗ್‌ಟನ್ ನಿಯಮ ಮಾಡಿ ಪೇಟೆಂಟ್ ಪಡೆದ. ಆ ಮೌನವನ್ನು ಬಿಟ್ಟು ತಯಾರಿಸಿದ ಬೇರೆ ಮೋಡೆಮ್‌ಗಳು ಫೈಲಿನೊಳಗಿನ ಅಕ್ಷರಗಳನ್ನೇ ಆದೇಶವೆಂದು ಪಾಲಿಸುವ ಅಪಾಯವಿತ್ತು.

[ಚೌಕಟ್ಟು] ಎಷ್ಟು ಹೊತ್ತು?

* 300 ಬಿಟ್ ವೇಗದಲ್ಲಿ ಸೆಕೆಂಡಿಗೆ 30 ಅಕ್ಷರ. ಒಂದು ಬೈಟಿಗೆ ಹಿಂದೆ ಮುಂದೆ ಸೇರಿ 10 ಬಿಟ್ ಬೇಕು.
* ಕಮೊಡೋರ್ 1541 ಡ್ರೈವಿನ ಒಂದು ಪೂರ್ತಿ ಡಿಸ್ಕ್ 1,74,848 ಬೈಟ್. ಎಕ್ಸ್‌ಮೋಡೆಮ್‌ನಲ್ಲಿ 1,366 ಬ್ಲಾಕು. 300 ಬಿಟ್ ವೇಗದಲ್ಲಿ ಒಂದು ಗಂಟೆ 40 ನಿಮಿಷ, ಒಂದೂ ತಪ್ಪಾಗದಿದ್ದರೆ.
* 1,000 ಬೈಟಿನ ಫೈಲ್ ಕಳಿಸಿದರೆ ಆ ಕಡೆ 1,024 ಆಗುತ್ತದೆ. ಕೊನೆಯ ಬ್ಲಾಕಿನ ಖಾಲಿ ಜಾಗಕ್ಕೆ ಸಾಮಾನ್ಯವಾಗಿ 26 ಎಂಬ ಬೈಟ್ ತುಂಬುತ್ತಾರೆ. ಪಠ್ಯದ ತುದಿಯಲ್ಲಿ ವಿಚಿತ್ರ ಚಿಹ್ನೆಗಳ ಸಾಲು ಕಂಡರೆ ಅದು ಇದೇ. ಅಳಿಸಿದರಾಯಿತು.
* ಕಮೊಡೋರ್‌ನ ಅಕ್ಷರ ಸಂಕೇತದಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಅದಲುಬದಲು. ಪಠ್ಯಕ್ಕೆ ಅನುವಾದ ಆನ್ ಮಾಡಿ. ಪ್ರೋಗ್ರಾಂ ಫೈಲಿಗೆ ಆಫ್ ಮಾಡಿ, ಇಲ್ಲದಿದ್ದರೆ ಅದು ಹಾಳು.

ಅಡ್ಡದಾರಿ ಹಿಡಿದವರು

ಬರೀ ಕೂಡುವ ಚೆಕ್‌ಸಮ್‌ಗೆ ಒಂದು ಕುರುಡು ಇತ್ತು. ಎರಡು ಬೈಟುಗಳು ಜಾಗ ಬದಲಿಸಿಕೊಂಡರೂ ಮೊತ್ತ ಬದಲಾಗುವುದಿಲ್ಲ. ಆದ್ದರಿಂದ ಸಿಆರ್‌ಸಿ ಎಂಬ ಗಟ್ಟಿಯಾದ ಲೆಕ್ಕ ಸೇರಿತು. ಆಮೇಲೆ ಚಕ್ ಫೋರ್ಸ್‌ಬರ್ಗ್ ಎಂಬಾತ 1,024 ಬೈಟಿನ ಬ್ಲಾಕಿನ ವೈಮೋಡೆಮ್ ತಂದ. 1986ರಲ್ಲಿ ಜಡ್‌ಮೋಡೆಮ್ ತಂದ. ಇದರಲ್ಲಿ ಒಂದೊಂದಕ್ಕೂ ‘ಕೇಳಿಸಿತೇ’ ಎಂದು ಕಾಯುವ ಗೋಜಿಲ್ಲ. ಲೈನ್ ಕಟ್ಟಾದರೆ ನಿಂತಲ್ಲಿಂದಲೇ ಮುಂದುವರಿಸಬಹುದು. ನಮ್ಮ ಕತೆಯ ಹುಡುಗನಿಗೆ ಆ ರಾತ್ರಿ ಬೇಕಿದ್ದದ್ದು ಇದೇ.

ನಮ್ಮಲ್ಲಿ ಜಡ್‌ಮೋಡೆಮ್ ಕಂಡವರು ಇದ್ದಾರೆ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದಾಗ, ಬರೀ ಅಕ್ಷರಗಳ ಶೆಲ್ ಖಾತೆ ಹಿಡಿದ ವಿದ್ಯಾರ್ಥಿಗಳು ಫೈಲನ್ನು ಮೊದಲು ಅಲ್ಲಿನ ಯಂತ್ರಕ್ಕೆ ಇಳಿಸಿ, ‘ಎಸ್‌ಜಡ್’ ಎಂಬ ಆದೇಶದಿಂದ ಮನೆಗೆ ತರಿಸಿಕೊಳ್ಳುತ್ತಿದ್ದರು. ಅದರೊಳಗೆ ಓಡುತ್ತಿದ್ದದ್ದು ಜಡ್‌ಮೋಡೆಮ್.

ಇನ್ನೊಂದು ಗಂಟು ಬೀಜ ಮೊದಲೋ ವೃಕ್ಷ ಮೊದಲೋ ಎಂಬಂಥದ್ದು. ಫೈಲ್ ದಾಟಿಸುವ ಸಾಫ್ಟ್‌ವೇರೇ ಇಲ್ಲದ ಯಂತ್ರಕ್ಕೆ ಆ ಸಾಫ್ಟ್‌ವೇರನ್ನು ದಾಟಿಸುವುದು ಹೇಗೆ? ಇಲ್ಲಿ ಹಳಬರ ಜಾಣ್ಮೆಗೆ ತಲೆಬಾಗಬೇಕು. ಕಮೊಡೋರ್‌ನವರು ಪತ್ರಿಕೆಯಲ್ಲಿ ಅಚ್ಚಾದ ಪ್ರೋಗ್ರಾಮನ್ನು ಸಾಲುಸಾಲಾಗಿ ಟೈಪ್ ಮಾಡಿಕೊಂಡರು. ಆ್ಯಪಲ್ 2ರಲ್ಲಿ ಕ್ಯಾಸೆಟ್ ಪ್ಲೇಯರಿಗೆಂದು ಒಂದು ತೂತು ಇತ್ತು. ಇಂದಿನ ಲ್ಯಾಪ್‌ಟಾಪಿನ ಹೆಡ್‌ಫೋನ್ ವೈರನ್ನು ಅಲ್ಲಿ ಚುಚ್ಚಿ ಶಬ್ದವಾಗಿಯೇ ಪ್ರೋಗ್ರಾಂ ಕಳಿಸುವವರು ಇದ್ದಾರೆ. ಎಂಎಸ್-ಡಾಸ್ 6ರಲ್ಲಿ ಇಂಟರ್‌ಸರ್ವರ್ ಎಂಬ ಆದೇಶವಿತ್ತು. ನಲ್ ಮೋಡೆಮ್ ಕೇಬಲ್ ಮೂಲಕ ಅದು ತನ್ನನ್ನೇ ಆ ಕಡೆಯ ಖಾಲಿ ಯಂತ್ರಕ್ಕೆ ನಕಲು ಮಾಡಿಕೊಳ್ಳುತ್ತಿತ್ತು.

ಅಟ್ಟ ಹತ್ತುವ ಮುನ್ನ

ಇಷ್ಟೆಲ್ಲ ಹೇಳಲು ಕಾರಣವಿದೆ. 80, 90ರ ದಶಕದಲ್ಲಿ ನಮ್ಮ ಮುದ್ರಣಾಲಯಗಳಲ್ಲಿ, ಕಚೇರಿಗಳಲ್ಲಿ, ಲೇಖಕರ ಮನೆಗಳಲ್ಲಿ ಫ್ಲಾಪಿ ತುಂಬ ಕನ್ನಡ ಬರೆದಿಟ್ಟಿದ್ದೇವೆ. ಫ್ಲಾಪಿಯ ಕಾಂತಶಕ್ತಿ ವರ್ಷದಿಂದ ವರ್ಷಕ್ಕೆ ಮಾಸುತ್ತದೆ. ಮಲೆನಾಡಿನ, ಕರಾವಳಿಯ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಆ ಡಿಸ್ಕನ್ನು ಓದಬಲ್ಲ ಹಳೆಯ ಯಂತ್ರದಲ್ಲಿ ಯುಎಸ್‌ಬಿ ಇಲ್ಲ, ವೈಫೈ ಇಲ್ಲ. ಎಷ್ಟೋ ಯಂತ್ರಗಳಲ್ಲಿ ಹೊರಗೆ ಹೋಗುವ ಬಾಗಿಲು ಸರಣಿ ಪೋರ್ಟ್ ಒಂದೇ. ಆ ಬಾಗಿಲ ಚಿಲಕ ತೆಗೆಯುವುದು ಇವೇ ಎಕ್ಸ್‌ಮೋಡೆಮ್, ಕರ್ಮಿಟ್‌ಗಳು. ಕೊಲಂಬಿಯಾ ವಿಶ್ವವಿದ್ಯಾಲಯ 2011ರಲ್ಲಿ ಕರ್ಮಿಟ್ ಯೋಜನೆಯನ್ನು ಮುಚ್ಚಿದರೂ ಸಾಫ್ಟ್‌ವೇರನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟಿದೆ.

ಮನೆಯಲ್ಲಿ ಫ್ಲಾಪಿ ಸಿಕ್ಕರೆ ಅವಸರದಲ್ಲಿ ಡ್ರೈವಿಗೆ ತುರುಕಬೇಡಿ. ಬೂಷ್ಟು ಕಂಡರೆ ಹಾಕಲೇಬೇಡಿ; ಡ್ರೈವಿನ ತಲೆ ಕೊಳೆಯಾಗಿ ಮುಂದಿನ ಡಿಸ್ಕನ್ನೂ ಗೀರುತ್ತದೆ. ಐದೂಕಾಲು ಅಂಗುಲದ ಫ್ಲಾಪಿಯಾದರೆ ಅಂಚಿನ ಚೌಕದ ಸೀಳಿಗೆ ಸ್ಟಿಕರ್ ಅಂಟಿಸಿ. ಮೂರೂವರೆ ಅಂಗುಲದ್ದಾದರೆ ಮೂಲೆಯ ಪುಟ್ಟ ಕಿಟಕಿಯನ್ನು ತೆರೆದಿಡಿ. ಹೀಗೆ ಮಾಡಿದರೆ ತಪ್ಪಿಯೂ ಅದರ ಮೇಲೆ ಏನೂ ಬರೆಯಲಾಗದು. ಕೇಬಲ್ ಜೋಡಿಸಿ, ಎರಡೂ ಕಡೆ ಎಂಟು ಬಿಟ್ ಇದೆಯೇ ನೋಡಿ, ವೇಗ 9,600ಕ್ಕೆ ಇಳಿಸಿ, ಒಂದು ಸಣ್ಣ ಫೈಲಿನಿಂದ ಶುರು ಮಾಡಿ. ನಿಂತರೆ, ಎಷ್ಟನೇ ಬ್ಲಾಕಿನಲ್ಲಿ ನಿಂತಿತೆಂದು ಒಂದು ಚೀಟಿಯಲ್ಲಿ ಬರೆದುಕೊಂಡು ಇನ್ನೊಮ್ಮೆ ಕಳಿಸಿ.

ಹಳೆಯ ಯಂತ್ರ ಕೂಡಿಸಬಲ್ಲವರು, ಆ ಕಾಲದ ಕನ್ನಡ ಸಾಫ್ಟ್‌ವೇರ್ ಬಳಸಿ ಗೊತ್ತಿರುವವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿರುವಾಗಲೇ, ಈ ಭಾನುವಾರವೇ, ಒಮ್ಮೆ ಅಟ್ಟ ಹತ್ತಿ ನೋಡಿ.